ಮೊದಲ ಗಾಡಿಯಲ್ಲಿ ಯಾರು?



ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಎಂಬ ನಾಲ್ಕು ತಾಲ್ಲೂಕುಗಳು ಇಂದು ದಾವಣಗೆರೆ ಜಿಲ್ಲೆಯೆಂಬ ಒಂದೇ ಹೆಸರಿನಡಿಯಲ್ಲಿ ಸೇರಿಕೊಂಡಿದ್ದರೂ ಅವುಗಳ ನೆಲವೂ ನೀರೂ ಒಂದೇ ತೆರನಾದುವಲ್ಲ. ಅವುಗಳ ಪೂರ್ವಚರಿತ್ರೆಯೂ ಒಂದಲ್ಲ. ಚನ್ನಗಿರಿ, ಹೊನ್ನಾಳಿಗಳು 1997ರ ಆಗಸ್ಟಿನವರೆಗೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದುವು. ನ್ಯಾಮತಿ ಈಚೆಗಷ್ಟೇ ಹೊನ್ನಾಳಿಯಿಂದ ಬೇರೆಯಾಯಿತು. ಜಗಳೂರು ಚಿತ್ರದುರ್ಗ ಜಿಲ್ಲೆಯಿಂದ ಬಂದದ್ದು. ಭದ್ರೆಯ ನಾಲೆ ಹರಿದ ಕಡೆ ಅಡಿಕೆ ಭತ್ತಗಳ ಹಸುರು. ಜಗಳೂರಿನ ಕಡೆ ಮುಗಿಲು ನೋಡುವ ಬೆದ್ದಲು. ಜಿಲ್ಲೆಯ ಗಡಿಯನ್ನು ಸರ್ಕಾರವು ಒಂದು ಆಜ್ಞೆಯಿಂದ ಬದಲಿಸಬಲ್ಲುದಾದರೂ, ಕಾಯಿಲೆ ಬಿದ್ದವನು ಹಿಡಿಯುವ ದಾರಿಯನ್ನು ಹಾಗೆ ಬದಲಿಸಲಾಗದು. ನ್ಯಾಮತಿಯವರು ಇಂದಿಗೂ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಕಡೆಗೇ ಮುಖ ಮಾಡುತ್ತಾರೆ. ಚನ್ನಗಿರಿ, ಹೊನ್ನಾಳಿಗಳವರು ಗಾಡಿ ಯಾವ ಕಡೆಗೆ ಸಿಕ್ಕಿತೋ ಅದರಂತೆ ಶಿವಮೊಗ್ಗಕ್ಕೋ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಬಾಪೂಜಿ ಆಸ್ಪತ್ರೆಗೋ ಹೋಗುತ್ತಾರೆ. ಜಗಳೂರಿನವರಿಗೆ ದಾವಣಗೆರೆಯಂತೆಯೇ ಚಿತ್ರದುರ್ಗವೂ ಕೈಗೆಟುಕುವ ಊರು.

ಒಬ್ಬ ರೋಗಿಯ ಮಟ್ಟಿಗೆ ಇದರಿಂದ ಕೇಡೇನೂ ಇಲ್ಲ. ಆಯ್ಕೆಯಿದ್ದರೆ ಒಳ್ಳೆಯದೇ ಆಯಿತು. ಆದರೆ ಒಂದೇ ಗಳಿಗೆಯಲ್ಲಿ ನಲವತ್ತು ಜನ ಗಾಯಗೊಂಡು ರಸ್ತೆಯ ಇಕ್ಕೆಲದಲ್ಲಿ ಬಿದ್ದಿರುವಾಗ, ಒದಗಿಬಂದ ಮೂರು ಆಂಬುಲೆನ್ಸುಗಳು ಮೂರು ಜಿಲ್ಲೆಗಳ ಮೂರು ಆಸ್ಪತ್ರೆಗಳ ಕಡೆಗೆ ಹೊರಟು, ಯಾರನ್ನು ಮೊದಲು ಎತ್ತಬೇಕು, ಯಾರು ಅರ್ಧ ಗಂಟೆ ಕಾಯಬಲ್ಲರು ಎಂಬುದನ್ನು ಒಂದೊಂದು ಗಾಡಿಯವರು ಒಂದೊಂದು ಬಗೆಯಾಗಿ ನಿಶ್ಚಯಿಸಿದರೆ, ಆ ಅವ್ಯವಸ್ಥೆಗೆ ತೆರಬೇಕಾದ ಬೆಲೆ ಪ್ರಾಣವೇ ಆಗಿರುತ್ತದೆ. ಗಾಯಾಳುಗಳನ್ನು ಹೀಗೆ ವಿಂಗಡಿಸುವ ಕ್ರಮಕ್ಕೆ ವೈದ್ಯರು ಟ್ರಯಾಜ್ ಎನ್ನುತ್ತಾರೆ. ಆ ಕ್ರಮವು ಎಲ್ಲ ಕಡೆಯೂ ಒಂದೇ ಆಗಿರಬೇಕಾದ ಅಗತ್ಯವನ್ನು ಕುರಿತು ಕೆಲವು ಮಾತುಗಳನ್ನು ತಮ್ಮ ಮುಂದಿಡಬೇಕೆಂದು ಬಂದಿದ್ದೇನೆ.

ನಮ್ಮ ಸೀಮೆಗೆ ಇಂಥ ದುರಂತಗಳು ದೂರದ ಮಾತಲ್ಲ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿಯ ಬಳಿ ನಿಂತಿದ್ದ ಲಾರಿಗೆ ಟೆಂಪೋ ಟ್ರಾವೆಲರ್ ಬಡಿದು ಹದಿಮೂರು ಜನ ಮಡಿದರು. ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಅವರು ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯ ಕಡೆಯವರು, ಎಂದರೆ ಹೊನ್ನಾಳಿ ಚನ್ನಗಿರಿಗಳ ನೆರೆಯವರು. ಅದಕ್ಕೆ ಎರಡು ವರ್ಷ ಮೊದಲು, 2022ರ ಸಂಕ್ರಾಂತಿಯ ಬೆಳಗಿನ ಜಾವ, ಜಗಳೂರು ತಾಲ್ಲೂಕಿನ ಕಾನನಕಟ್ಟೆಯ ಬಳಿ ಹೆದ್ದಾರಿಯಲ್ಲಿ ಒಂದೇ ಕಾರಿನ ಏಳು ಜನ ಪ್ರಾಣ ಬಿಟ್ಟರು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕಲ್ಲುಗಣಿಗೆಂದು ತಂದಿದ್ದ ಸ್ಫೋಟಕಗಳು ಸಿಡಿದಾಗ ಅದರ ಅದುರು ನೆರೆಯ ಜಿಲ್ಲೆಗಳವರೆಗೂ ಮುಟ್ಟಿ, ಭೂಕಂಪವೆಂದೇ ಭ್ರಮಿಸಿ ಜನ ಮನೆಯಿಂದ ಹೊರಗೋಡಿದುದನ್ನು ತಮ್ಮಲ್ಲಿ ಅನೇಕರು ಮರೆತಿರಲಾರರು. ಹೆದರಿಸುವುದಕ್ಕಾಗಿ ಇವನ್ನು ಎಣಿಸುತ್ತಿಲ್ಲ. ಮುಂದಿನ ಸಲ ಸತ್ತವರಿಗಿಂತ ಬದುಕಿ ನರಳುವವರೇ ಹೆಚ್ಚಾಗಿದ್ದರೆ, ಅವರನ್ನು ಎತ್ತಲು ಬಂದವರ ಕೈಯಲ್ಲಿ ಯಾವ ಕ್ರಮವಿರುತ್ತದೆಂಬುದನ್ನು ಈಗಲೇ, ಚಿತ್ತಸ್ವಾಸ್ಥ್ಯವಿರುವ ಹೊತ್ತಿನಲ್ಲಿ, ಆಲೋಚಿಸಬೇಕಾಗಿದೆ.

ಅಡಿಕೆ ಕೊಯ್ಲಿನ ಕಾಲವೆಂದಿಟ್ಟುಕೊಳ್ಳಿ. ಚೇಣಿ ಹಿಡಿದವರ ಗೂಡ್ಸ್ ಗಾಡಿಯೊಂದು, ಗೊನೆ ಇಳಿಸುವ ಗಂಡಾಳುಗಳನ್ನೂ ಅಡಿಕೆ ಸುಲಿಯುವ ಹೆಂಗಸರನ್ನೂ ಅವರ ಮಡಿಲ ಮಕ್ಕಳನ್ನೂ ತುಂಬಿಕೊಂಡು, ಚನ್ನಗಿರಿಯ ಹೊರಗೆ ನಾಲೆಯ ಏರಿಯ ತಿರುವಿನಲ್ಲಿ ಮಗುಚಿತು. ಮೊದಲು ಬರುವವರು ಹಿಂದಿನ ಬಸ್ಸಿನ ಕಂಡಕ್ಟರ್, ಪಕ್ಕದ ತೋಟದವರು, ಬೈಕಿನ ಹುಡುಗರು. ಅವರಲ್ಲಿ ಕೆಲವರು ಮೊಬೈಲು ಹಿಡಿದು ಚಿತ್ರ ತೆಗೆಯುತ್ತ ನಿಲ್ಲುತ್ತಾರೆಂಬುದನ್ನು ನಾನು ಹೇಳಬೇಕಾಗಿಲ್ಲ. ಆ ಮಾತನ್ನು ಬಿಟ್ಟುಬಿಡೋಣ. ಉಳಿದವರು ಸಹಜವಾದ ಕರುಣೆಯಿಂದ ಯಾರ ಕಡೆಗೆ ಧಾವಿಸುತ್ತಾರೆ? ಮುಂಗೈ ಮುರಿದು “ಅಯ್ಯೋ, ಸತ್ತೆನಲ್ಲಪ್ಪೋ” ಎಂದು ಕೂಗುತ್ತಿರುವವನ ಕಡೆಗೆ. ಅತ್ತ ಕೂಸಿಗೆ ಹಾಲು ಎಂಬುದು ಲೋಕದ ರೂಢಿ. ಆದರೆ ಅಷ್ಟು ಗಟ್ಟಿಯಾಗಿ ಕೂಗಬಲ್ಲವನ ಶ್ವಾಸನಾಳ ತೆರೆದಿದೆ, ಪುಪ್ಪುಸಗಳು ಕೆಲಸ ಮಾಡುತ್ತಿವೆ, ಮೆದುಳಿಗೆ ರಕ್ತ ಹರಿಯುತ್ತಿದೆ ಎಂಬುದಕ್ಕೆ ಆ ಕೂಗಿಗಿಂತ ಬೇರೆ ಪ್ರಮಾಣ ಬೇಕಿಲ್ಲ. ಅವನಿಂದ ಹತ್ತು ಮಾರು ಆಚೆ, ಬೇಲಿಯ ಮಗ್ಗುಲಲ್ಲಿ, ಸೆರಗನ್ನು ಹೊಟ್ಟೆಗೆ ಒತ್ತಿ ಹಿಡಿದು ಒಂದು ಮಾತೂ ಆಡದೆ ಕುಳಿತಿರುವ ಹೆಂಗಸಿನ ಒಡಲೊಳಗೆ ರಕ್ತ ಸುರಿಯುತ್ತಿರಬಹುದು. ಅವಳ ತುಟಿ ಬಿಳಿಚಿದೆ, ಉಸಿರು ಮೇಲಿಂದ ಮೇಲೆ ಬರುತ್ತಿದೆ. ಆಕೆ ಯಾರನ್ನೂ ಕರೆಯುವುದಿಲ್ಲವಾದುದರಿಂದ ಯಾರೂ ಆಕೆಯ ಬಳಿಗೆ ಹೋಗುವುದಿಲ್ಲ.

ಈ ಸಹಜಬುದ್ಧಿಯನ್ನು ತಿದ್ದುವುದಕ್ಕಾಗಿಯೇ ಒಂದು ಕ್ರಮ ಹುಟ್ಟಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನ್ಯೂಪೋರ್ಟ್ ಬೀಚ್ ಎಂಬ ಊರಿನ ಅಗ್ನಿಶಾಮಕ ದಳದವರೂ ಅಲ್ಲಿಯ ಹೋಗ್ ಆಸ್ಪತ್ರೆಯವರೂ ಸೇರಿ 1983ರಲ್ಲಿ ಸ್ಟಾರ್ಟ್ ಎಂಬ ಹೆಸರಿನಿಂದ ಅದನ್ನು ರೂಪಿಸಿದರು. ಅದರಲ್ಲಿ ವೈದ್ಯಶಾಸ್ತ್ರದ ಗಹನತೆ ಏನೂ ಇಲ್ಲ. ಇಲ್ಲದಿರುವುದೇ ಅದರ ಗುಣ. ಬಂದವನು ಮೊದಲು ಗಟ್ಟಿಯಾಗಿ, “ನಡೆಯಲು ಆಗುವವರೆಲ್ಲ ಎದ್ದು ಆ ಹುಣಸೆಮರದ ಕೆಳಗೆ ಬನ್ನಿ” ಎನ್ನುತ್ತಾನೆ. ಎದ್ದು ಬಂದವರಿಗೆಲ್ಲ ಹಸಿರು ಗುರುತು. ಈ ಒಂದು ಕೂಗಿನಿಂದ ಗುಂಪಿನ ದೊಡ್ಡ ಪಾಲು ಬದಿಗೆ ಸರಿದು, ನಿಜವಾಗಿ ನೋಡಬೇಕಾದವರು ಕಣ್ಣಿಗೆ ಬೀಳುತ್ತಾರೆ. ಆಮೇಲೆ ಬಿದ್ದಿರುವವರಲ್ಲಿ ಒಬ್ಬೊಬ್ಬರ ಬಳಿಗೂ ಹೋಗಿ ಮೂರು ಸಂಗತಿಗಳನ್ನು ನೋಡಬೇಕು. ಉಸಿರಾಟ ನಿಮಿಷಕ್ಕೆ ಮೂವತ್ತನ್ನು ಮೀರಿದೆಯೆ? ಕೈಯ ಉಗುರನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪೇರುತ್ತದೆಯೆ, ಅಥವಾ ಮಣಿಕಟ್ಟಿನಲ್ಲಿ ನಾಡಿ ಸಿಕ್ಕುತ್ತದೆಯೆ? “ನನ್ನ ಕೈ ಹಿಡಿ” ಎಂದರೆ ಹಿಡಿಯುತ್ತಾನೆಯೆ? ಈ ಮೂರರಲ್ಲಿ ಒಂದು ತಪ್ಪಿದರೂ ಕೆಂಪು. ಆತ ಮೊದಲ ಗಾಡಿಯಲ್ಲಿ ಹೋಗತಕ್ಕವನು. ಮೂರೂ ಸರಿಯಿದ್ದು ನಡೆಯಲು ಮಾತ್ರ ಆಗದವನಿಗೆ ಹಳದಿ. ಉಸಿರೇ ಇಲ್ಲದವನ ತಲೆಯನ್ನು ಹಿಂದಕ್ಕೆ ಬಾಗಿಸಿ ಗಂಟಲಿನ ದಾರಿ ತೆರೆದು ನೋಡಬೇಕು. ಉಸಿರು ಬಂದರೆ ಕೆಂಪು, ಬಾರದಿದ್ದರೆ ಕಪ್ಪು. ಒಬ್ಬರಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿಯಕೂಡದು.

ನಾನು ಹೇಳಿದ ಆ ಹೆಂಗಸು ಈ ಪರೀಕ್ಷೆಯಲ್ಲಿ ಮೊದಲ ಹೆಜ್ಜೆಗೇ ಸಿಕ್ಕಿಬೀಳುತ್ತಾಳೆ. ಕೂಗುತ್ತಿದ್ದವನು ಎದ್ದು ನಡೆದು ಮರದ ಕೆಳಗೆ ಹೋಗಿ ಕುಳಿತು ಅಲ್ಲಿಂದ ಕೂಗುತ್ತಾನೆ.

ವಿಂಗಡಿಸುವವನಿಗೆ ವಿಧಿಸಿರುವ ಒಂದು ನಿಯಮ ಬಹು ಕಠಿನವಾದದ್ದು. ಆತ ಚಿಕಿತ್ಸೆಗೆ ಕೂರಬಾರದು. ಮುಚ್ಚಿದ ಶ್ವಾಸದ ದಾರಿಯನ್ನು ತೆರೆಯುವುದು, ಚಿಮ್ಮುವ ರಕ್ತವನ್ನು ಬಟ್ಟೆಯಿಂದ ಬಿಗಿದು ನಿಲ್ಲಿಸುವುದು, ಇವೆರಡಲ್ಲದೆ ಮತ್ತಾವ ಉಪಚಾರಕ್ಕೂ ಕೈಹಾಕದೆ, ಕಾಲು ಹಿಡಿದು ಬೇಡುವವರನ್ನೂ ಬಿಡಿಸಿಕೊಂಡು ಮುಂದಿನವನ ಬಳಿಗೆ ಹೋಗಬೇಕು. ನೋಡುವವರಿಗೆ ಇದು ನಿರ್ದಯೆಯಾಗಿ ತೋರುವುದು ಸಹಜ. ಹಳ್ಳಿಯವರು ಬೈದರೂ ಬೈದಾರು, ಹೊಡೆಯಲು ಬಂದರೂ ಬಂದಾರು. ಆದುದರಿಂದಲೇ ಈ ಕ್ರಮದ ತಿಳಿವಳಿಕೆ ಆಂಬುಲೆನ್ಸಿನವರಿಗೆ ಮಾತ್ರ ಸಾಲದು, ಬಾನುಲಿ ಕೇಳುವ ಜನಕ್ಕೂ ಬೇಕೆಂದು ನನಗನ್ನಿಸುತ್ತದೆ.

ಈ ಆಲೋಚನೆಯ ಬೇರು ರಣರಂಗದಲ್ಲಿದೆ. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರೆ ಎಂಬಾತನು, ದರ್ಜೆಯನ್ನೂ ಪದವಿಯನ್ನೂ ನೋಡದೆ, ಅಪಾಯದ ತೀವ್ರತೆಯನ್ನು ಮಾತ್ರ ನೋಡಿ ಚಿಕಿತ್ಸೆ ನಡೆಯತಕ್ಕದ್ದೆಂದು ಸಾಧಿಸಿದನು. ಸೇನಾಪತಿಯ ಗೀರುಗಾಯಕ್ಕಿಂತ ಸಾಮಾನ್ಯ ಸಿಪಾಯಿಯ ಹರಿದ ತೊಡೆ ಮೊದಲೆಂದ ಆ ಮಾತು ಅಂದಿನ ಕಾಲಕ್ಕೆ ಸಣ್ಣ ಮಾತಲ್ಲ. ಕ್ರೈಮಿಯಾ ಯುದ್ಧದಲ್ಲಿ ರಷ್ಯದ ಪಿರೊಗೊವ್ ಗಾಯಾಳುಗಳನ್ನು ವರ್ಗಗಳಾಗಿ ಬೇರ್ಪಡಿಸುವ ಪದ್ಧತಿಯನ್ನು ಸೆವಾಸ್ಟೊಪೋಲಿನಲ್ಲಿ ನಡೆಸಿದನು. ನಾಗರಿಕ ಜೀವನಕ್ಕೆ ಅದು ಬಂದಾಗ ಮಾತ್ರ ಒಂದು ವಿಪರ್ಯಾಸವಾಯಿತು: ಪದ್ಧತಿ ಒಳ್ಳೆಯದೆಂದು ಕಂಡಕೂಡಲೇ ಒಂದೊಂದು ದೇಶವೂ, ಒಂದೊಂದು ನಗರವೂ ತನ್ನದೇ ಒಂದನ್ನು ಕಟ್ಟಿಕೊಂಡಿತು. ಸಂತೆಯಿಂದ ಸಂತೆಗೆ ಸೇರಿನ ಅಳತೆ ಬೇರೆಯಾಗಿದ್ದ ಕಾಲದಲ್ಲಿ ಹೊನ್ನಾಳಿಯ ಸೇರನ್ನು ಜಗಳೂರಿನಲ್ಲಿ ಮತ್ತೊಮ್ಮೆ ಅಳೆಯಬೇಕಾಗಿದ್ದಂತೆ, ಒಬ್ಬರು ಕೆಂಪೆಂದು ಕಳಿಸಿದವನನ್ನು ಇನ್ನೊಬ್ಬರು ಮೊದಲಿಂದ ಪರೀಕ್ಷಿಸಬೇಕಾಗಿ ಬಂತು. ಕೊನೆಗೆ ಅಮೆರಿಕದ ತಜ್ಞರು 2008ರಲ್ಲಿ ಸಾಲ್ಟ್ ಎಂಬ ಸಂಯುಕ್ತ ಪದ್ಧತಿಯನ್ನು ಪ್ರಕಟಿಸಿ, 2011ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು: ಪದ್ಧತಿಯ ಹೆಸರು ಏನಾದರೂ ಇರಲಿ, ಅದರಲ್ಲಿ ಇಂತಿಂಥ ಲಕ್ಷಣಗಳು ಇರಲೇಬೇಕೆಂದು ಒಂದು ಸಮಾನ ಮಾನದಂಡವನ್ನು ವಿಧಿಸಿದರು. ಇಂಗ್ಲೆಂಡಿನವರು 2023ರಲ್ಲಿ ಹತ್ತು ಸೆಕೆಂಡಿನ ವಿಂಗಡಣೆಯೆಂಬುದನ್ನು ಅಂಗೀಕರಿಸಿದರು. ಅದರಲ್ಲಿ ಉಸಿರೆಣಿಸುವ ಗೋಜೂ ಇಲ್ಲ, ನಾಡಿ ಹಿಡಿಯುವ ಗೋಜೂ ಇಲ್ಲ. ನಡೆಯುತ್ತಾನೆಯೆ, ರಕ್ತ ಸುರಿಯುತ್ತಿದೆಯೆ, ಮಾತನಾಡುತ್ತಾನೆಯೆ, ಎದೆಹೊಟ್ಟೆಗಳಿಗೆ ಏನಾದರೂ ನೆಟ್ಟಿದೆಯೆ, ಉಸಿರಿದೆಯೆ ಎಂಬಷ್ಟನ್ನೇ ನೋಡಿ ಪೊಲೀಸಿನವನೂ ಅಗ್ನಿಶಾಮಕದವನೂ ವೈದ್ಯಸಿಬ್ಬಂದಿಯೂ ಒಂದೇ ಬಗೆಯಾಗಿ ವಿಂಗಡಿಸಬಹುದು. ನಮ್ಮ ಹಳ್ಳಿಗಾಡಿಗೆ ಹೊಂದುವುದು ಈ ಸರಳವಾದ ಕ್ರಮವೇ ಎಂದು ನನ್ನ ಅಭಿಪ್ರಾಯ. ಕತ್ತಲಲ್ಲಿ, ಗದ್ದಲದಲ್ಲಿ, ನಡುಗುವ ಕೈಯಿಂದ ನಿಮಿಷಕ್ಕೆ ಮೂವತ್ತು ಉಸಿರೆಣಿಸುವೆನೆಂಬವನ ಲೆಕ್ಕವನ್ನು ನಾನು ನಂಬಲಾರೆ.

ಆದರೆ ಸರಳವಾದ ಸೂತ್ರವನ್ನು ಕಣ್ಣುಮುಚ್ಚಿ ಅನ್ವಯಿಸಿದರೂ ಅನರ್ಥವುಂಟು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತೆರಡು ಜನ ಸತ್ತಾಗ ಅವರಲ್ಲಿ ಬಹುಮಂದಿ ಮಕ್ಕಳೇ ಆಗಿದ್ದರು. ಮಕ್ಕಳ ದೇಹಧರ್ಮ ಬೇರೆ: ದೊಡ್ಡವರಲ್ಲಿ ಹೃದಯ ಸೋತು ಉಸಿರು ನಿಲ್ಲುವುದು ಹೆಚ್ಚಾದರೆ, ಮಕ್ಕಳಲ್ಲಿ ಉಸಿರು ಮೊದಲು ನಿಂತು, ನಾಡಿ ಇನ್ನೂ ಸ್ವಲ್ಪ ಹೊತ್ತು ಮಿಡಿಯುತ್ತಿರುತ್ತದೆ. ಆದುದರಿಂದ 1995ರಲ್ಲಿ ಮಕ್ಕಳಿಗಾಗಿ ರಚಿತವಾದ ಕ್ರಮದಲ್ಲಿ, ಉಸಿರಿಲ್ಲದೆ ನಾಡಿಯಿರುವ ಮಗುವಿಗೆ ಐದು ಸಲ ಉಸಿರೂದಿ ನೋಡದೆ ಕಪ್ಪು ಗುರುತು ಹಾಕಕೂಡದೆಂದು ವಿಧಿಸಿದೆ. ಶಾಲಾಪ್ರವಾಸದ ಬಸ್ಸುಗಳು ಓಡಾಡುವ ಡಿಸೆಂಬರ್ ತಿಂಗಳಲ್ಲಿ ಇದನ್ನು ನೆನಪಿಡತಕ್ಕದ್ದು.

ಇನ್ನೊಂದು ನಿದರ್ಶನ ಇದಕ್ಕಿಂತ ಬೋಧಪ್ರದವಾದದ್ದು. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಪ್ರಸಾದಕ್ಕೆ ಕೀಟನಾಶಕ ಬೆರೆಸಲಾಗಿ ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು; ಹದಿನೇಳು ಜನ ಅಸುನೀಗಿದರು. ಕಾಮಗೆರೆ, ಕೊಳ್ಳೇಗಾಲಗಳ ಆಸ್ಪತ್ರೆಗಳಿಗೆ ಮೊದಲು ಬಂದವರನ್ನು ಅಲ್ಲಿಂದ ಮೈಸೂರಿನ ಹಲವು ಆಸ್ಪತ್ರೆಗಳಿಗೆ ಹಂಚಬೇಕಾಯಿತು. ಇಲ್ಲಿ ರಕ್ತವಿಲ್ಲ, ಮುರಿದ ಮೂಳೆಯಿಲ್ಲ. ಪ್ರಸಾದ ತಿಂದವನು ಎದ್ದು ನಡೆಯಬಲ್ಲನು. ನಡೆಯುವವನಿಗೆ ಹಸಿರು ಎಂಬ ಸೂತ್ರದಂತೆ ಅವನನ್ನು ಮರದ ಕೆಳಗೆ ಕುಳ್ಳಿರಿಸಿ ಮರೆತರೆ, ಸ್ವಲ್ಪ ಹೊತ್ತಿನಲ್ಲೇ ಬಾಯಲ್ಲಿ ಜೊಲ್ಲು ಸುರಿದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಉಸಿರಾಡುವ ಸ್ನಾಯುಗಳು ಸೋತು ಕುಸಿದಾನು. ಒಮ್ಮೆ ಕಟ್ಟಿದ ಬಣ್ಣ ಕೊನೆಯ ತೀರ್ಪಲ್ಲ. ಹಸಿರಿನವರ ಬಳಿಯೂ ಒಬ್ಬರು ನಿಂತಿದ್ದು ಮತ್ತೆ ಮತ್ತೆ ನೋಡುತ್ತಿರಬೇಕು, ಬಣ್ಣ ಬದಲಿಸಲು ಹಿಂಜರಿಯಬಾರದು. ಕೊಡದಗುಡ್ಡದ ವೀರಭದ್ರಸ್ವಾಮಿಯ ತೇರಿನಲ್ಲಾಗಲಿ ಸೂರಗೊಂಡನಕೊಪ್ಪದ ಸೇವಾಲಾಲ್ ಜಯಂತಿಯಲ್ಲಾಗಲಿ ಸಾವಿರಾರು ಜನ ಒಂದೇ ಕಡೆ ಉಣ್ಣುವ ನಮ್ಮ ಸೀಮೆಯಲ್ಲಿ, ರಸ್ತೆಯ ಅಪಘಾತಕ್ಕೆಂದು ಮಾಡಿದ ಕ್ರಮವೊಂದನ್ನೇ ಕಲಿತರೆ ಸಾಕಾಗದು.

ಕಪ್ಪು ಬಣ್ಣವನ್ನು ಕುರಿತು ಒಂದು ಮಾತು. ಒಬ್ಬ ಕಂಡಕ್ಟರಾಗಲಿ ಹೋಂಗಾರ್ಡ್ ಆಗಲಿ ಇನ್ನೊಬ್ಬರ ಮಗನ ಮಣಿಕಟ್ಟಿಗೆ ಕಪ್ಪು ಪಟ್ಟಿ ಕಟ್ಟುವುದನ್ನು ನಮ್ಮ ಜನ ಸಹಿಸಲಾರರು. ಸಹಿಸಬೇಕೆಂದು ಹೇಳುವ ಧೈರ್ಯ ನನಗೂ ಇಲ್ಲ. ಸತ್ತರೆಂದು ಹೇಳುವ ಅಧಿಕಾರ ವೈದ್ಯರಿಗೆ ಸೇರಿದ್ದು. ಇಂಗ್ಲೆಂಡಿನ ಹೊಸ ಕ್ರಮದಲ್ಲಿ ಇದಕ್ಕೊಂದು ಸಭ್ಯವಾದ ಪರಿಹಾರವಿದೆ: ಅಲ್ಲಿ ಮೊದಲು ಬಂದವನು ‘ಸತ್ತಿದ್ದಾನೆ’ ಎನ್ನುವುದಿಲ್ಲ, ‘ಉಸಿರಿಲ್ಲ’ ಎಂದಷ್ಟೇ ಗುರುತಿಸಿ ಮುಂದೆ ಹೋಗುತ್ತಾನೆ. ನಾವೂ ಅಷ್ಟಕ್ಕೆ ನಿಲ್ಲಿಸಬಹುದು.

ಹಾಗೆಯೇ ಕರುಣೆಯಿಂದ ಎಲ್ಲರಿಗೂ ಕೆಂಪು ಕಟ್ಟಿಬಿಡುವ ದೌರ್ಬಲ್ಯವೂ ಉಂಟು. ಇಪ್ಪತ್ತು ಕೆಂಪುಗಳಲ್ಲಿ ನಿಜವಾದ ಕೆಂಪು ಐದೇ ಆಗಿದ್ದರೆ, ಆ ಐವರು ಶಸ್ತ್ರವೈದ್ಯನ ಕೈಗೆ ಸೇರುವುದು ತಡವಾಗುತ್ತದೆ. ಬಾಂಬುಸ್ಫೋಟಗಳ ವೃತ್ತಾಂತಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದ ಶಸ್ತ್ರವೈದ್ಯರು, ಇಂಥ ಅತಿವಿಂಗಡಣೆ ಹೆಚ್ಚಿದಂತೆಲ್ಲ ತೀವ್ರವಾಗಿ ಗಾಯಗೊಂಡವರ ಸಾವೂ ಹೆಚ್ಚಿದುದನ್ನು ಕಂಡಿದ್ದಾರೆ.

ಆಸ್ಪತ್ರೆಯ ಬಾಗಿಲಲ್ಲಿ ನಡೆಯುವುದೂ ಇದೇ. ಅಪಘಾತದ ಸ್ಥಳದಿಂದ ಮೊದಲು ಬಂದು ಸೇರುವವರು ಕಡಮೆ ಗಾಯವಾದವರು. ಆಟೋ, ಟಾಟಾ ಏಸ್, ಯಾರದೋ ಕಾರು, ಏನು ಸಿಕ್ಕಿತೋ ಅದನ್ನು ಹತ್ತಿ ಬಂದುಬಿಡುತ್ತಾರೆ. ತಾಲ್ಲೂಕು ಆಸ್ಪತ್ರೆಯ ಕೆಲವೇ ಮಂಚಗಳು ಅವರಿಂದ ತುಂಬಿದ ಮೇಲೆ, ಸಿಕ್ಕಿಕೊಂಡವರನ್ನು ಬಿಡಿಸಿ ತಂದ ಆಂಬುಲೆನ್ಸು ಬರುತ್ತದೆ. ಬಾಗಿಲಲ್ಲಿಯೇ ನಿಂತು ಅದೇ ಬಣ್ಣಗಳಿಂದ ಮತ್ತೊಮ್ಮೆ ವಿಂಗಡಿಸುವ ಒಬ್ಬ ಅನುಭವಸ್ಥ ದಾದಿಯಾಗಲಿ ವೈದ್ಯರಾಗಲಿ ಇಲ್ಲದೆ ಹೋದರೆ ರಸ್ತೆಯಲ್ಲಿ ಪಟ್ಟ ಶ್ರಮವೆಲ್ಲ ವ್ಯರ್ಥ. ಗಾಯಾಳುವನ್ನು ಕರೆತಂದವನು ಪೊಲೀಸು, ಸಾಕ್ಷಿ, ಕೋರ್ಟು ಎಂದು ಅಂಜಿ ಬಾಗಿಲಲ್ಲೇ ಬಿಟ್ಟು ಓಡಬೇಕಾದ ಕಾಲ ಈಗಿಲ್ಲವೆಂಬುದನ್ನೂ ಇಲ್ಲಿ ಸೇರಿಸುತ್ತೇನೆ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವೂ, ಕರ್ನಾಟಕದ ಪ್ರತ್ಯೇಕ ಕಾನೂನೂ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯೂ ನೆರವಿಗೆ ಬಂದವನನ್ನು ರಕ್ಷಿಸುತ್ತವೆ. ಅವನು ಏನು ಕಂಡನೋ ಅದನ್ನು ದಾದಿಗೆ ಹೇಳಿ ಹೋದರೆ ಅರ್ಧ ಕೆಲಸವಾದಂತೆ.

ಇವೆಲ್ಲವನ್ನೂ ಒಂದು ಕ್ರಮಕ್ಕೆ ತರಬೇಕಾದವರು ಯಾರು? ಕಾಗದದ ಮೇಲೆ ಉತ್ತರ ಇದ್ದೇ ಇದೆ. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಮೇರೆಗೆ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರವುಂಟು. ಸಾಮೂಹಿಕ ಗಾಯಾಳುಗಳ ನಿರ್ವಹಣೆಯ ಬಗ್ಗೆ ರಾಷ್ಟ್ರೀಯ ಪ್ರಾಧಿಕಾರದ ಮಾರ್ಗಸೂಚಿ 2007ರಲ್ಲಿಯೇ ಹೊರಟಿದೆ. 2008ರ ರಾಜ್ಯೋತ್ಸವದ ದಿನ ಆರಂಭವಾದ 108ರ ಗಾಡಿಗಳು ನಾಲ್ಕು ತಾಲ್ಲೂಕುಗಳಲ್ಲೂ ಓಡಾಡುತ್ತಿವೆ. ಕೊರತೆಯೆಂದರೆ ಪ್ರಾಧಿಕಾರದ ಎಲ್ಲೆ ಜಿಲ್ಲೆಯ ಗಡಿಗೆ ಮುಗಿಯುತ್ತದೆ, ಗಾಯಾಳುವಿನ ದಾರಿ ಮುಗಿಯುವುದಿಲ್ಲ. ಸವಳಂಗದ ರಸ್ತೆಯಲ್ಲಿ ಬಸ್ಸು ಉರುಳಿದರೆ ನೆಲ ದಾವಣಗೆರೆಯದು, ಆಸ್ಪತ್ರೆ ಶಿವಮೊಗ್ಗದ್ದು. ಆದುದರಿಂದ ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗಗಳ ಮೂವರು ಜಿಲ್ಲಾಧಿಕಾರಿಗಳೂ ಆರೋಗ್ಯಾಧಿಕಾರಿಗಳೂ ಒಂದೇ ಮೇಜಿನ ಸುತ್ತ ಕುಳಿತು, ಮೂರು ಜಿಲ್ಲೆಗೂ ಒಂದೇ ಪಟ್ಟಿ, ಒಂದೇ ಬಣ್ಣ, ದೂರವಾಣಿಯಲ್ಲಿ ಆಸ್ಪತ್ರೆಗೆ ತಿಳಿಸುವ ಒಂದೇ ಮಾತು ಎಂದು ನಿಶ್ಚಯಿಸಬೇಕು. “ಕೆಂಪು ನಾಲ್ಕು, ಹಳದಿ ಏಳು, ಕೆಂಪಿನಲ್ಲಿ ಒಂದು ಮಗು” ಎಂದು ಸವಳಂಗದಿಂದ ಹೇಳಿದರೆ ಮೆಗ್ಗಾನ್ ಆಸ್ಪತ್ರೆಯಲ್ಲಿ ಫೋನೆತ್ತಿದವರಿಗೆ ಮರುಪ್ರಶ್ನೆಯಿಲ್ಲದೆ ಅರ್ಥವಾಗಬೇಕು. ಎಲ್ಲ ಕೆಂಪುಗಳನ್ನೂ ಒಂದೇ ಆಸ್ಪತ್ರೆಗೆ ಸುರಿಯದೆ ಎರಡು ಮೂರು ಕಡೆಗೆ ಹಂಚುವ ಅಧಿಕಾರ 108ರ ನಿಯಂತ್ರಣ ಕೇಂದ್ರಕ್ಕೆ ಸ್ಪಷ್ಟವಾಗಿ ಇರಬೇಕು.

ಖರ್ಚಿನ ಮಾತು ಬೇಡ. ಹತ್ತಿಗಿರಣಿಗಳಿಂದ ಹೆಸರಾದ ದಾವಣಗೆರೆಯಲ್ಲಿ ನಾಲ್ಕು ಬಣ್ಣದ ಬಟ್ಟೆಯ ಪಟ್ಟಿಗಳಿಗೆ ಪರದೇಶದ ಕಡೆ ನೋಡಬೇಕಾಗಿಲ್ಲ. ಕಷ್ಟವಿರುವುದು ಅಭ್ಯಾಸದಲ್ಲಿ. ವರ್ಷಕ್ಕೊಮ್ಮೆ ಅಧಿಕಾರಿಗಳ ಮುಂದೆ, ಶಾಮಿಯಾನದ ಕೆಳಗೆ ನಡೆಸುವ ಅಣಕು ಪ್ರದರ್ಶನದಿಂದ ಕೈಗೆ ಅಭ್ಯಾಸ ಹತ್ತುವುದಿಲ್ಲ. ಅಮೆರಿಕದ ಕೆಲವು ಊರುಗಳಲ್ಲಿ ಆಂಬುಲೆನ್ಸಿನವರು ವಾರಕ್ಕೊಂದು ದಿನ, ಜ್ವರದವನಾಗಲಿ ಹೆರಿಗೆಯವಳಾಗಲಿ, ಸಿಕ್ಕ ರೋಗಿಗೆಲ್ಲ ಬಣ್ಣದ ಚೀಟಿ ಕಟ್ಟಿಯೇ ಆಸ್ಪತ್ರೆಗೆ ಒಪ್ಪಿಸುವ ವಾಡಿಕೆ ಇಟ್ಟುಕೊಂಡಿದ್ದಾರೆ. ನಮಗೆ ಫೆಬ್ರವರಿಯಲ್ಲಿ ಸೂರಗೊಂಡನಕೊಪ್ಪದ ಜಾತ್ರೆಯಿದೆ. ದೂರದೂರುಗಳಿಂದ ಮಾಲಾಧಾರಿಗಳು ಬರಿಗಾಲಲ್ಲಿ ನಡೆದು ಬರುತ್ತಾರೆ, ಆರೋಗ್ಯ ಇಲಾಖೆಯವರ ಡೇರೆಯೂ ಹೇಗೂ ಇರುತ್ತದೆ. ಅಂಗಾಲು ಬೊಬ್ಬೆಯೆದ್ದವನಿಗೆ ಹಸಿರು, ಬಿಸಿಲಿಗೆ ತಲೆತಿರುಗಿ ಏಳಲಾರದವನಿಗೆ ಹಳದಿ, ಎದೆನೋವೆಂದು ಬೆವರುತ್ತಿರುವವನಿಗೆ ಕೆಂಪು ಎಂದು ಅಲ್ಲಿಗೆ ಬಂದವರಿಗೆಲ್ಲ ಪಟ್ಟಿ ಕಟ್ಟುತ್ತ ಹೋದರೆ ಮೂರು ದಿನಗಳಲ್ಲಿ ಪದ್ಧತಿಯ ಲೋಪಗಳೆಲ್ಲ ತಾವಾಗಿ ಹೊರಬೀಳುತ್ತವೆ: ಗಂಟು ಸಡಿಲ, ಚೀಟಿಯ ಶಾಯಿ ಬೆವರಿಗೆ ಅಳಿಸುತ್ತದೆ, ರಾತ್ರಿಯ ಹಳದಿ ದೀಪದ ಕೆಳಗೆ ಬಿಳಿಯ ಬಟ್ಟೆಗೂ ಹಳದಿ ಪಟ್ಟಿಗೂ ಭೇದ ಕಾಣದು, ಪಟ್ಟಿಯ ಮೇಲೆ ದೊಡ್ಡದಾಗಿ ಅಂಕಿಯನ್ನೂ ಬರೆಯಬೇಕು ಎಂದು ಆ ಡೇರೆಯ ದಾದಿಯರೇ ಹೇಳಿಯಾರು.